ದಯವಿಟ್ಟು ಅಳಿಸಬೇಡಿ

ನನಗೆ ಒಂದು ಹೃದಯ ಬಿಡಿಸಲು ಏಳು ನಿಮಿಷ ಸಾಕು. ಹೈದರಾಬಾದಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೇಳು ವರ್ಷ ಬಯಾಲಜಿ ಹೇಳಿ ನಾನು ಗಳಿಸಿದ ಆಸ್ತಿ ಎಂದರೆ ಅದೊಂದೇ. ಹಲಗೆಯ ಎಡಕ್ಕೆ ನೀಲಿ ಚಾಕ್‌ಪೀಸು, ಬಲಕ್ಕೆ ಕೆಂಪು (ಎದುರು ನಿಂತವನ ಎದೆ ನೋಡಿ, ಎಲ್ಲ ತಿರುವುಮುರುವು). ಮಹಾಪಧಮನಿಯನ್ನು ಮಾತ್ರ ಕೈ ಎತ್ತದೆ ಒಂದೇ ಎಳೆತದಲ್ಲಿ, ಕೊಡೆಯ ಹಿಡಿಕೆಯ ಹಾಗೆ. ಆ ಗಳಿಗೆಯಲ್ಲಿ ಕೊನೆಯ ಬೆಂಚಿನವರೂ ಸುಮ್ಮನಾಗುತ್ತಿದ್ದರು. ಮುಗಿದ ಮೇಲೆ ಮೂಲೆಯಲ್ಲಿ ‘ದಯವಿಟ್ಟು ಅಳಿಸಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಸಹಿಯೊಂದನ್ನು ಹಾಕುತ್ತಿರಲಿಲ್ಲ, ಅಷ್ಟು ವಿನಯ ನನಗಿತ್ತು. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ನನ್ನ ಹೃದಯದ ಸುತ್ತ ಉಳಿದ ಸಂದುಗೊಂದಿಗಳಲ್ಲೇ ತ್ರಿಕೋನಮಿತಿ ಮಾಡಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಬೇಸಿಗೆ ರಜೆ ಮುಗಿಸಿ ಬಂದು ನೋಡಿದರೆ ಹಲಗೆಯೇ ಇಲ್ಲ. ಅದಿದ್ದ ಜಾಗದಲ್ಲಿ ಆಳೆತ್ತರದ ಟಿವಿಯಂಥದ್ದೊಂದು ಗೋಡೆಗೆ ಒರಗಿತ್ತು. ಪಕ್ಕದ ಕಪಾಟಿನಲ್ಲಿ ನಲವತ್ತು ಟ್ಯಾಬ್‌ಗಳು ಶಿಸ್ತಾಗಿ ಮಲಗಿ ಚಾರ್ಜ್ ಹೀರುತ್ತಿದ್ದವು. ನಮ್ಮ ಕರೆಸ್ಪಾಂಡೆಂಟರು (ಹೈದರಾಬಾದಿನಲ್ಲಿ ಖಾಸಗಿ ಶಾಲೆಯ ಯಜಮಾನರಿಗೆ ಈ ಹೆಸರು, ಅವರು ಯಾರಿಗೂ ಪತ್ರ ಬರೆದದ್ದನ್ನು ನಾನು ಕಂಡಿಲ್ಲ) ನನ್ನನ್ನು ಕರೆಸಿ, “ಪಾಠವೆಲ್ಲ ಹೊಸದಾಗಿ ಡಿಸೈನ್ ಆಗಬೇಕು, ಬಯಾಲಜಿಯಿಂದ ಶುರು” ಎಂದರು. ಬಯಾಲಜಿಯೇ ಯಾಕೆ ಎಂದು ಕೇಳಿದೆ. “ಅದರಲ್ಲಿ ಚಿತ್ರ ಜಾಸ್ತಿ” ಎಂದರು. ಮನೆಗೆ ಬಂದು ಸುದ್ದಿ ಹೇಳಿದಾಗ ನನ್ನಾಕೆ, “ಹಲಗಿ ಹೋತಂದ್ರ ಇನ್ನ ನಿಮ್ಮ ಕೈಗೇನು ಕೆಲಸಾರೀ?” ಎಂದು ತೊಗರಿಕಾಯಿ ಬುಟ್ಟಿಯನ್ನು ಮುಂದೆ ಸರಿಸಿದಳು.

ಪಾಠವನ್ನು ಹೊಸದಾಗಿ ಕಟ್ಟುವ ಹುಚ್ಚು ಈ ಊರಿಗೆ ಹಳೆಯದು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ ನಿಜಾಮರು 1917ರಲ್ಲಿ ಅನುವಾದಕ್ಕೆಂದೇ ಒಂದು ಇಲಾಖೆ ತೆರೆದು, ವಿಜ್ಞಾನದ ಪುಸ್ತಕಗಳನ್ನು ಉರ್ದುವಿಗೆ ಇಳಿಸಿದ್ದರು. ಬೀದರಿನಲ್ಲಿ ಓದಿದ ನಮ್ಮಪ್ಪನಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಸಸ್ಯಶಾಸ್ತ್ರ ಅವರಿಗೆ ಕೊನೆಯವರೆಗೂ ‘ನಬಾತಿಯಾತ್’, ಪ್ರಾಣಿಶಾಸ್ತ್ರ ‘ಹೈವಾನಿಯಾತ್’. ನಾನು ಬಯಾಲಜಿ ಮೇಷ್ಟ್ರಾದೆ ಎಂದು ಹೇಳಿದ ದಿನ ಅವರು “ಓಹೋ, ಹಯಾತಿಯಾತ್!” ಎಂದ ಗತ್ತಿಗೆ ದರ್ಬಾರಿನಲ್ಲಿ ಹುದ್ದೆ ಸಿಕ್ಕಿತೇನೋ ಅನ್ನಿಸಿತ್ತು. ಇನ್ನು ಟ್ಯಾಬ್ ವಿಷಯ. 2011ರಲ್ಲಿ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಅಗ್ಗದ ‘ಆಕಾಶ್’ ಟ್ಯಾಬ್ ಜೋಡಣೆಯಾಗುತ್ತಿದ್ದದ್ದು ಇದೇ ಹೈದರಾಬಾದಿನಲ್ಲಿ. ಪೇಪರಿನಲ್ಲಿ ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ನಕ್ಕಿದ್ದೆವು. ಆಕಾಶ ನಮ್ಮ ತಲೆಯ ಮೇಲೆ ಬೀಳಲು ಒಂದು ಡಜನ್ ವರ್ಷ ತೆಗೆದುಕೊಂಡಿತು, ಅಷ್ಟೆ.

ಟ್ರೈನಿಂಗ್ ಕೊಡಲು ಮಾಧಾಪುರದ ಕಡೆಯಿಂದ ಒಬ್ಬ ಹುಡುಗ ಬಂದ. ನನ್ನ ಹಳೆಯ ವಿದ್ಯಾರ್ಥಿಗಳಿಗಿಂತಲೂ ಚಿಕ್ಕವನು. ಎರಡು ತಾಸಿನಲ್ಲಿ ‘ಎಂಗೇಜ್‌ಮೆಂಟ್’ ಎಂಬ ಪದವನ್ನು ಹನ್ನೊಂದು ಸಲ ಹೇಳಿದ. ನಮ್ಮ ಹಿಂದಿ ಟೀಚರಮ್ಮ ನನ್ನ ಕಡೆ ಬಾಗಿ, “ಯಾರದಂತೆ?” ಎಂದು ಕೇಳಿದರು. ನಾನು ‘ಹಸುರು ಹೊನ್ನು’ ಓದಿ ಈ ದಾರಿ ಹಿಡಿದವನು. ಅದನ್ನು ಬರೆದ ಬಿ.ಜಿ.ಎಲ್. ಸ್ವಾಮಿಯವರು ಶಿಷ್ಯರನ್ನು ಕಾಡುಮೇಡಿಗೆ ಕರೆದೊಯ್ದರು. ನಾನು ನನ್ನವರನ್ನು ಚಾರ್ಜಿಂಗ್ ಪಾಯಿಂಟಿನಿಂದ ಚಾರ್ಜಿಂಗ್ ಪಾಯಿಂಟಿಗೆ ಕರೆದೊಯ್ಯುವವನಾದೆ.

ಮೊದಲ ಪಾಠ ಕಪ್ಪೆ. ನಾವು ಡಿಗ್ರಿ ಓದುವಾಗ ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿ ನಾಲ್ಕೂ ಕಾಲಿಗೆ ಪಿನ್ನು ಚುಚ್ಚಿ ಕೊಯ್ದವರು. ಆ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರುತ್ತಿರಲಿಲ್ಲ. 2014ರಲ್ಲಿ ಯುಜಿಸಿ ಕಾಲೇಜುಗಳಿಗೂ ಅದನ್ನು ಬಿಡಿ ಎಂದಿತು, ಒಳ್ಳೆಯದೇ ಆಯಿತು. ಟ್ಯಾಬಿನ ಕಪ್ಪೆ ಬೆರಳಿನಿಂದ ಎಳೆದರೆ ಜಿಪ್ ತೆಗೆದಂತೆ ಬಿಚ್ಚಿಕೊಳ್ಳುತ್ತದೆ. ಕೆಳಗೆ ‘ರಿಸೆಟ್’ ಒತ್ತಿದರೆ ಮತ್ತೆ ಹೊಲಿದುಕೊಂಡು ಕಣ್ಣು ಪಿಳುಕಿಸುತ್ತದೆ. ಒಬ್ಬ ಹುಡುಗ ಒಂದೇ ಪೀರಿಯಡ್ಡಿನಲ್ಲಿ ಹದಿನಾಲ್ಕು ಸಲ ಕೊಯ್ದು ಹದಿನಾಲ್ಕು ಸಲ ಬದುಕಿಸಿದ. ಕಪ್ಪೆಗೆ ಹೃದಯದಲ್ಲಿ ಎಷ್ಟು ಕೋಣೆ ಎಂದರೆ ಗೊತ್ತಿಲ್ಲ, “ಗಿನಾ ನೈ ಸಾರ್” ಎಂದ. ಎಣಿಸಲಿಲ್ಲವಂತೆ. ಇರುವುದು ಮೂರು. ಯಮನಿಗೂ ಬ್ರಹ್ಮನಿಗೂ ಸೇರಿ ಇರುವ ಕೆಲಸ ಒಬ್ಬನೇ ಮಾಡುವಾಗ ಎಣಿಸಲು ಪುರಸೊತ್ತೆಲ್ಲಿ?

ಉಸಿರಾಟದ ಪಾಠದ ಹೊತ್ತಿಗೆ ನಾನು ಪಳಗಿದ್ದೆ. ನಮ್ಮಲ್ಲಿ ಶಾಲೆ ತೆರೆಯುವುದು ಜೂನ್ ಎರಡನೆಯ ವಾರ. ಅದಕ್ಕೆ ಸ್ವಲ್ಪ ಮುಂಚೆ, ಮೃಗಶಿರಾ ಮಳೆ ಹುಟ್ಟುವ ದಿನ, ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಮೀನಿನ ಪ್ರಸಾದ. ಬತ್ತಿನಿ ಮನೆತನದವರು ಗಿಡಮೂಲಿಕೆಯ ಮುದ್ದೆಯನ್ನು ಜೀವಂತ ಕೊರಮೀನಿನ ಮರಿಯ ಬಾಯಿಗಿಟ್ಟು ನುಂಗಿಸುತ್ತಾರೆ. ಅಸ್ತಮಾ ಹೋಗುತ್ತದೆಂದು ನಂಬಿ ದೇಶದ ಮೂಲೆಮೂಲೆಯಿಂದ ಜನ ಬಂದು ಸಾಲು ನಿಲ್ಲುತ್ತಾರೆ. ನಾನು ಪರದೆಯ ಮೇಲೆ ಗಂಟಲಿನ ತ್ರೀಡಿ ಚಿತ್ರ ಹಾಕಿದೆ. ಮುಂದೆ ಗಾಳಿಯ ಕೊಳವೆ, ಹಿಂದೆ ಅನ್ನನಾಳ, ನುಂಗುವಾಗ ಗಾಳಿಕೊಳವೆಯನ್ನು ಮುಚ್ಚುವ ಪುಟ್ಟ ಮುಚ್ಚಳ. ಟ್ಯಾಬಿನಲ್ಲಿ ಅನ್ನದ ತುತ್ತನ್ನು ಬೆರಳಲ್ಲಿ ಎಳೆದು ಸರಿಯಾದ ದಾರಿಗೆ ಬಿಡುವುದು ಮಕ್ಕಳ ಕೆಲಸ. ಆಗ ಎರಡನೆಯ ಬೆಂಚಿನ ಹುಡುಗ ಎದ್ದು, “ಸಾರ್, ನಮ್ಮ ನಾನಮ್ಮ ಮೊನ್ನೆ ಮೀನು ನುಂಗಿದರು. ಇದರಲ್ಲಿ ಮೀನು ಎಲ್ಲಿದೆ?” ಎಂದ. ನಾನಮ್ಮ ಎಂದರೆ ಅಪ್ಪನ ತಾಯಿ. ಕಂಪನಿಯವರು ತುತ್ತು ಕೊಟ್ಟಿದ್ದರು, ಬಿಸ್ಕತ್ತು ಕೊಟ್ಟಿದ್ದರು, ಮೀನು ಕೊಟ್ಟಿರಲಿಲ್ಲ. “ಬಿಸ್ಕತ್ತನ್ನೇ ಮೀನು ಅಂದುಕೋ” ಎಂದೆ. ಅವನು ಎಳೆದ. ಮುಚ್ಚಳ ಬಿತ್ತು, ಮೀನು ಅನ್ನನಾಳಕ್ಕೆ ಇಳಿಯಿತು. ಅವನು ಬಹಳ ಹೊತ್ತು ನೋಡಿ, “ಅಸ್ತಮಾ ಆ ಕೊಳವೆಯಲ್ಲಿ, ಮೀನು ಈ ಕೊಳವೆಯಲ್ಲಿ. ಅಡ್ರೆಸ್ಸೇ ತಪ್ಪಾಯ್ತಲ್ಲ ಸಾರ್?” ಎಂದ.

ನಾನು ತಬ್ಬಿಬ್ಬಾದೆ. ಅವನ ನಾನಮ್ಮ ಪೇರೆಂಟ್ಸ್ ಮೀಟಿಂಗಿಗೆ ತಪ್ಪದೆ ಬರುವವರು. ಕೊರಮೀನು ತೆಲಂಗಾಣದ ರಾಜ್ಯ ಮೀನು, ನೀರಿನಿಂದ ತಲೆ ಎತ್ತಿ ಗಾಳಿಯನ್ನೂ ಉಸಿರಾಡಬಲ್ಲದು ಎಂದು ಪಾಠವನ್ನು ಉಪಾಯವಾಗಿ ಮೀನಿನ ಉಸಿರಾಟದ ಕಡೆ ತಿರುಗಿಸಿದೆ. ಆದರೂ ಒಪ್ಪಿಕೊಳ್ಳಬೇಕು: ನಾನು ಇಪ್ಪತ್ತೇಳು ವರ್ಷ ಆ ಎರಡು ಕೊಳವೆಗಳನ್ನು ಬಿಡಿಸಿದ್ದೇನೆ, ಯಾವ ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ.

ನಾಡಿಮಿಡಿತದ ಚಟುವಟಿಕೆಯಲ್ಲಿ ಮೆಟ್ಟಿಲು ಹತ್ತಿ ಇಳಿದು, ಮಣಿಕಟ್ಟು ಹಿಡಿದು ಎಣಿಸಿ, ಟ್ಯಾಬಿಗೆ ತುಂಬಬೇಕು. ದೊಡ್ಡ ಪರದೆಯ ಮೇಲೆ ಇಡೀ ತರಗತಿಯ ಗ್ರಾಫ್ ಏಳುತ್ತದೆ. ಎದ್ದಿತು. ಮೂವತ್ತೊಂಬತ್ತು ಮಂದಿ ಇರುವೆಗಳಂತೆ ನೆಲಕ್ಕಂಟಿದ್ದರು, ನಡುವೆ ಒಬ್ಬನದು ಚಾರ್‌ಮಿನಾರು. 72 ಎಂದು ಹೊಡೆಯುವಲ್ಲಿ ಒಂದು ಸೊನ್ನೆ ಹೆಚ್ಚಾಗಿ 720. “ಮಗಾ, ನೀನು ಇಲಿ” ಎಂದೆ. ಇಲಿಯ ಹೃದಯ ನಿಮಿಷಕ್ಕೆ ಐನೂರು ಆರುನೂರು ಸಲ ಬಡಿಯುತ್ತದೆ. ಆನೆಯದು ಮೂವತ್ತರ ಆಸುಪಾಸು. ಮೈ ಚಿಕ್ಕದಾದಷ್ಟೂ ಬಡಿತ ಜಾಸ್ತಿ ಯಾಕೆ ಎಂಬ ಮಾತಿಗೆ ಅವತ್ತು ಬೆಲ್ ಹೊಡೆದದ್ದೂ ಕೇಳಿಸಲಿಲ್ಲ. ನನ್ನ ಲೆಸನ್ ಪ್ಲಾನಿನಲ್ಲಿ ಇಲಿಯೂ ಇರಲಿಲ್ಲ, ಆನೆಯೂ ಇರಲಿಲ್ಲ. ಹುಡುಗನಿಗೆ ಮಾತ್ರ ಎಸ್ಸೆಸ್ಸಿ ಮುಗಿಯುವವರೆಗೂ ‘ಚೂಹಾ’ ಎಂಬ ಹೆಸರು ನಿಂತಿತು.

ಆಗಸ್ಟ್ 20, ಸೊಳ್ಳೆ ದಿನ. ಇದು ನಮ್ಮೂರಿನದೇ ಹಬ್ಬ. 1897ರ ಆ ದಿನ ಬೇಗಂಪೇಟೆಯಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು, 1902ರಲ್ಲಿ ನೊಬೆಲ್ ಪಡೆದದ್ದು. ಆ ಕಟ್ಟಡ ಈಗಲೂ ಇದೆ, ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದೆವು. ರಾಸ್ ಸಾಹೇಬರ ಉಪಕರಣದ ಕಥೆ ಕೇಳಿದರೆ ನಮ್ಮ ವೈಫೈ ಬಗ್ಗೆ ದೂರಲು ನಾಚಿಕೆಯಾಗುತ್ತದೆ. ಸೂಕ್ಷ್ಮದರ್ಶಕದ ತಿರುಪುಗಳು ಅವರ ಬೆವರಿಗೇ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಒಂದು ಕಣ್ಣುಗಾಜು ಬಿರುಕು ಬಿಟ್ಟಿತ್ತು. ಪಂಕಾ ಬೀಸಿದರೆ ಸೊಳ್ಳೆ ಹಾರಿಹೋದೀತೆಂದು ಆ ಸೆಖೆಯಲ್ಲೂ ಗಾಳಿಯಿಲ್ಲದೆ ಕೂತಿದ್ದರು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಗೆ ತನ್ನ ಮೈಯೊಡ್ಡಿದ, ಅವನಿಗೆ ಸೊಳ್ಳೆಗೊಂದು ಆಣೆ.

ತರಗತಿಗೆ ಮರಳಿ ಟ್ಯಾಬಿನಲ್ಲಿ ಮಲೇರಿಯಾದ ಜೀವನಚಕ್ರ ಜೋಡಿಸುವ ಆಟ ಕೊಟ್ಟೆ. ಸರಿಯಾಗಿ ಜೋಡಿಸಿದರೆ ಠಣ್ ಎಂದು ಚಿನ್ನದ ನಾಣ್ಯ ಬೀಳುತ್ತದೆ. ಪರದೆ ಚೆನ್ನಾಗಿ ಕಾಣಲೆಂದು ದೀಪ ಆರಿಸಿದ್ದರಿಂದ ನಿಜವಾದ ಸೊಳ್ಳೆಗಳೂ ಪಾಠಕ್ಕೆ ಬಂದಿದ್ದವು. ಒಬ್ಬಳು ಪಟ್ಟನೆ ಕಾಲಿಗೆ ಹೊಡೆದುಕೊಂಡು, “ಸಾರ್, ಹುಸೇನ್ ಖಾನ್‌ಗೆ ನಿಜವಾದ ಆಣೆ ಸಿಕ್ಕಿತು. ನನ್ನ ಹತ್ತಿರ ನಾನೂರು ನಾಣ್ಯ ಇದೆ, ಒಂದು ಉಸ್ಮಾನಿಯಾ ಬಿಸ್ಕತ್ತೂ ಬರಲ್ಲ” ಎಂದಳು. ಟ್ಯಾಬಿನ ಸಕಲ ಗುಣಗಳನ್ನೂ ಹೇಳಿಕೊಟ್ಟ ಮಾಧಾಪುರದ ಹುಡುಗ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ.

ಇವಳು ಮೊದಲೆಲ್ಲ ಬಾಯಿ ಬಿಡದ ಹುಡುಗಿ. ತಪ್ಪು ಹೇಳಿದರೆ ನಾನು ಬೈಯುವುದಿಲ್ಲ, ಹುಬ್ಬು ಏರಿಸುತ್ತೇನಂತೆ, ಅದು ಬೈಗುಳಕ್ಕಿಂತ ಕೆಟ್ಟದ್ದಂತೆ. ಟ್ಯಾಬಿಗೆ ಹುಬ್ಬಿಲ್ಲ. ಅದರ ದೊಡ್ಡ ಗುಣ ಇದೇ ಇರಬೇಕು ಎಂದು ನನಗೆ ಈಗ ಅನ್ನಿಸುತ್ತದೆ, ಕರೆಸ್ಪಾಂಡೆಂಟರಿಗೆ ಹೇಳಿಲ್ಲ.

ಫೆಬ್ರವರಿ ಬಂತು. ಬೋರ್ಡ್ ಪರೀಕ್ಷೆಯಲ್ಲಿ ತ್ರೀಡಿ ಇಲ್ಲ, ಪೆನ್ಸಿಲ್ಲಿನಲ್ಲಿ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕು. ಹೃದಯವನ್ನು ಬೆರಳಲ್ಲಿ ಬುಗುರಿಯಂತೆ ತಿರುಗಿಸಿದ್ದ ನಲವತ್ತು ಮಂದಿಗೂ ಅದನ್ನು ಕಾಗದದ ಮೇಲೆ ನಿಲ್ಲಿಸಲು ಬರದು. ಒಬ್ಬನದು ಆಲೂಗಡ್ಡೆ, ಒಬ್ಬನದು ಗಣಪತಿ. “ಸಾರ್, ನೀವೇ ಬಿಡಿಸಿ ತೋರಿಸಿ” ಎಂದು ಸುತ್ತುವರಿದರು. ಈ ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ. ಆದರೆ ಎಲ್ಲಿ ಬಿಡಿಸಲಿ? ಪರದೆಗೆ ಚಾಕ್‌ಪೀಸು ತಾಗಿಸುವಂತಿಲ್ಲ. ಕೊನೆಗೆ ವರಾಂಡಕ್ಕೆ ಬಂದೆವು. ನೆಲಕ್ಕೆ ಹಾಸಿದ್ದು ಶಹಾಬಾದ್ ಕಲ್ಲು, ನಮ್ಮ ಕಲಬುರಗಿ ಕಡೆಯದು, ಚಾಕ್‌ಪೀಸಿಗೆ ಅದಕ್ಕಿಂತ ಒಳ್ಳೆಯ ಹಲಗೆಯಿಲ್ಲ. ಮಂಡಿಯೂರಿ ಕೂತೆ. ಮಂಡಿ ಲಟಕ್ಕೆಂದಿತು. ನೀಲಿ, ಕೆಂಪು, ಕೊಡೆಯ ಹಿಡಿಕೆ. ಏಳು ನಿಮಿಷದ್ದು ಒಂಬತ್ತಾಯಿತು. ಮಕ್ಕಳು ಟ್ಯಾಬ್ ಎತ್ತಿ ಎತ್ತಿ ಫೋಟೋ ಹೊಡೆದರು. ನಾನು ಮೂಲೆಯಲ್ಲಿ ‘ದಯವಿಟ್ಟು ಅಳಿಸಬೇಡಿ’ ಎಂದು ಬರೆಯಲು ಶುರುಮಾಡಿದ್ದೆ.

“ಸಾರ್,” ಅದೇ ಹುಡುಗಿ. “ಶ್ವಾಸಕೋಶದಿಂದ ಬರುವ ಸಿರೆ ಎರಡೇ ಹಾಕಿದ್ದೀರಿ.”

“ಹೌದು. ಯಾಕೆ?”

“ನಾಲ್ಕು ಇರಬೇಕು ಸಾರ್. ನಾನು ಟ್ಯಾಬಿನಲ್ಲಿ ಹೃದಯ ತಿರುಗಿಸಿ ಬೆನ್ನಿನ ಕಡೆ ನೋಡಿದ್ದೀನಿ.”

ಪುಸ್ತಕದಲ್ಲಿರುವುದೂ ನಾಲ್ಕೇ. ಬಾಯಲ್ಲಿ ನಾನೂ ನಾಲ್ಕು ಎಂದೇ ಹೇಳಿಕೊಂಡು ಬಂದವನು. ಕೈ ಮಾತ್ರ ಇಪ್ಪತ್ತೇಳು ವರ್ಷದಿಂದ ಎರಡು ಎಳೆದು ಮುಗಿಸುತ್ತಿತ್ತು. ನನ್ನ ಹೃದಯಕ್ಕೆ ಬೆನ್ನೇ ಇರಲಿಲ್ಲ. ನನ್ನ ಹುಬ್ಬು ಅಭ್ಯಾಸಬಲದಿಂದ ಅರ್ಧ ಏರಿದ್ದನ್ನು ಅವಳು ನೋಡಿದಳು, ಕದಲಲಿಲ್ಲ. ಹುಬ್ಬೇ ಇಳಿಯಿತು.

ಕೆಂಪು ಚಾಕ್‌ಪೀಸನ್ನು ಅವಳ ಕೈಗೆ ಕೊಟ್ಟೆ. ಜಾಗ ಸಾಲದಾಗಿತ್ತು. ಅವಳು ನನ್ನ ಚಪ್ಪಲಿಯನ್ನು ಪಕ್ಕಕ್ಕೆ ಸರಿಸಿ, ನಾನು ಬರೆದಿದ್ದ ‘ದಯವಿಟ್ಟು’ವನ್ನು ಅಂಗೈಯಲ್ಲಿ ಉಜ್ಜಿ ಅಳಿಸಿ, ಅಲ್ಲಿ ಇನ್ನೆರಡು ಸಿರೆ ಎಳೆದಳು.