ಹೆಬ್ಬೆರಳು ಸ್ಪೇಸಿಗೆ ಮಾತ್ರ

ನಾನು ಸರ್ಕಾರಿ ಕಚೇರಿಯ ಬೆರಳಚ್ಚುಗಾರ. ನಿವೃತ್ತನಾಗಿ ಎರಡು ವರ್ಷವಾಯಿತು, ಆದರೆ ಆ ಆದೇಶ ನನ್ನ ಬೆರಳುಗಳಿಗೆ ಇನ್ನೂ ತಲುಪಿಲ್ಲ. ಸಿಟಿ ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಂಬಿಯ ಮೇಲೆ ಅವು ತಮ್ಮಷ್ಟಕ್ಕೆ ತಾವೇ ‘ಮಾನ್ಯರೇ, ವಿಷಯ, ಉಲ್ಲೇಖ’ ಎಂದು ಕುಟ್ಟುತ್ತಿರುತ್ತವೆ. 1983ರಲ್ಲಿ ಇಂಗ್ಲಿಷ್ ಟೈಪಿಂಗ್ ಸೀನಿಯರ್ ಗ್ರೇಡ್ ಪಾಸು ಮಾಡಿದವನು. ನಿಮಿಷಕ್ಕೆ 45 ಪದ. ಆ ಸರ್ಟಿಫಿಕೇಟು ಈಗಲೂ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ.

ಇಂಥವನಿಗೆ ಪಿಯಾನೊ ಹುಚ್ಚು ಹತ್ತಿದ್ದು ಮೈಸೂರಿನವನೆಂಬ ಜಂಬದಿಂದ. ನಮ್ಮ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ವಾದಕರಾಗಬೇಕೆಂದು ಕನಸು ಕಂಡಿದ್ದವರು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡು, 21ರ ಹರೆಯದಲ್ಲೇ ರಾಜ್ಯ ಹೆಗಲಿಗೆ ಬಿತ್ತು. ಆದರೂ ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ರಷ್ಯಾದ ಮೆಟ್ನರ್ ಎಂಬ ಸಂಗೀತಗಾರ ಮುಪ್ಪಿನಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಅದರ ಜೊತೆಗೆ 94 ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಇದನ್ನೆಲ್ಲ ಓದಿ ನಾನೊಂದು ತರ್ಕ ಕಟ್ಟಿದೆ: ಸಿಂಹಾಸನ ಬಂದು ಅವರಿಗೆ ಪಿಯಾನೊ ತಪ್ಪಿತು, ನನಗೆ ಕುರ್ಚಿ ಹೋಗಿದೆ, ಆದ್ದರಿಂದ ಪಿಯಾನೊ ಬರಬೇಕು.

“ಅವರಿಗೆ ಹದಿನೈದು ವರ್ಷಕ್ಕೇ ಬಂದಿರಬೇಕು ಕಣ್ರೀ, ನಿಮಗೆ ಅರವತ್ತೆರಡು,” ಎಂದಳು ಹೆಂಡತಿ. ಅವಳು ಹುಡುಗಿಯಾಗಿದ್ದಾಗ ವೀಣೆ ಕಲಿತವಳು. ಕಲಿತವರಿಗೆ ಯಾವಾಗಲೂ ಸ್ವಲ್ಪ ಅಹಂಕಾರ.

ಮೇಷ್ಟರನ್ನು ಹುಡುಕುವುದೇ ದೊಡ್ಡ ಕಸರತ್ತಾಯಿತು. ವಾದ್ಯದ ಅಂಗಡಿಯವನು “ಪಿಯಾನೊ ಯಾಕೆ ಸಾರ್, ಹಾರ್ಮೋನಿಯಂ ತಗೊಳ್ಳಿ. ಬೆಲೋಸು ಎಳೀತಾ ಇದ್ರೆ ಭುಜದ ನೋವೂ ಹೋಗುತ್ತೆ,” ಎಂದ. ಇನ್ನೊಬ್ಬ ಮಹಾಶಯ ಗಿಟಾರ್, ತಬಲ, ಕೊಳಲು, ಪಿಯಾನೊ, ಬೇಸಿಗೆಯಲ್ಲಿ ಈಜು, ಎಲ್ಲವನ್ನೂ ಒಬ್ಬನೇ ಕಲಿಸುತ್ತಿದ್ದ. ಅಲ್ಲಿಂದ ಬರುವಾಗ ಒಂದು ಸಂದಿಯಲ್ಲಿ ‘ಕೀಬೋರ್ಡ್ ಕ್ಲಾಸ್ ನಡೆಯುತ್ತದೆ’ ಎಂಬ ಬೋರ್ಡು ಕಂಡಿತು. ಖುಷಿಯಿಂದ ಮಹಡಿ ಹತ್ತಿದರೆ ಸಾಲಾಗಿ ಕಂಪ್ಯೂಟರು, ಅದರ ಮುಂದೆ ‘ನುಡಿ’ ತಂತ್ರಾಂಶದಲ್ಲಿ ಕಾಗುಣಿತ ಹೊಡೆಯುತ್ತಿದ್ದ ಹುಡುಗಿಯರು. ಬಂದವನು ಸುಮ್ಮನೆ ಇಳಿದು ಹೋಗಬಹುದಿತ್ತು. ಖಾಲಿ ಕುರ್ಚಿ ಕಂಡು ಬೆರಳು ತುರಿಸಿತು, ಒಂದು ಪುಟ ಹೊಡೆದೆ. ಅರ್ಧ ಗಂಟೆಯಲ್ಲಿ ಕೆಳಗಿಳಿಯುವಾಗ ನನಗೆ ವಾರಕ್ಕೆ ಮೂರು ದಿನ ಪಾಠ ಹೇಳುವ ಕೆಲಸ ಸಿಕ್ಕಿತ್ತು. ಕಲಿಯಲು ಹೋದವನು ಮೇಷ್ಟರಾಗಿ ವಾಪಸು ಬಂದದ್ದನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ, ಕೆಲಸಕ್ಕೂ ಹೋಗಲಿಲ್ಲ.

ಕೊನೆಗೆ ಹಾಲಿನ ಬೂತಿನವನು ದಾರಿ ತೋರಿಸಿದ. ಫಿಲೋಮಿನಾ ಚರ್ಚಿನ ಹಿಂದುಗಡೆ, ಮಂಗಳೂರು ಕಡೆಯ ಒಬ್ಬರು ಮಿಸ್ ಇದ್ದಾರಂತೆ. ಎಪ್ಪತ್ತೈದು ದಾಟಿದೆ, ಆದರೂ ಮಕ್ಕಳನ್ನು ಪಾಠಕ್ಕೆ ಕೂರಿಸಿಕೊಳ್ಳುತ್ತಾರಂತೆ. ಫೋನು ಮಾಡಿದೆ.

“ಯಾರಿಗೆ ಕಲಿಸ್ಬೇಕು, ಮೊಮ್ಮಗಳಿಗಾ?”

“ನನಗೇ, ಮಿಸ್.”

“ಮೊದ್ಲು ಎಂತಾದ್ರೂ ಅಭ್ಯಾಸ ಉಂಟಾ?”

“ಕೀಬೋರ್ಡ್ ಮೇಲೆ ನಲವತ್ತು ವರ್ಷದ ಅಭ್ಯಾಸ.”

“ಪರೀಕ್ಷೆ?”

“ಸೀನಿಯರ್ ಗ್ರೇಡು. ಫಸ್ಟ್ ಕ್ಲಾಸು.”

ಆ ಕಡೆ ಒಂದು ಗೌರವದ ಮೌನ. ಪಿಯಾನೊ ಪರೀಕ್ಷೆಗಳಲ್ಲೂ ಗ್ರೇಡು ಎಂಬುದಿದೆ, ಇನಿಷಿಯಲ್‌ನಿಂದ ಶುರುವಾಗಿ ಒಂದರಿಂದ ಎಂಟರವರೆಗೆ ಏರುತ್ತದೆ ಎಂಬುದು ನನಗೆ ಗೊತ್ತಿತ್ತು. ಸುಳ್ಳು ಹೇಳಲಿಲ್ಲ. ಕಚೇರಿಯಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಟೈಪು ಮಾಡಿದವನಿಗೆ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಅಭ್ಯಾಸ. “ಹಾಗಾದ್ರೆ ಶನಿವಾರ ಐದು ಗಂಟೆಗೆ ಬನ್ನಿ, ಎಂಟನೇ ಗ್ರೇಡಿನ ಮಕ್ಕಳ ಒಟ್ಟಿಗೆ,” ಎಂದರು ಮಿಸ್.

ಹೋದೆ. ಹಳೇ ಹೆಂಚಿನ ಮನೆ, ಗೋಡೆಗೊರಗಿ ನಿಂತ ಕಂದು ಬಣ್ಣದ ಪಿಯಾನೊ. ಒಳಗಿನ ಸುತ್ತಿಗೆಗಳಿಗೆ ಹೊದಿಸಿದ ಉಣ್ಣೆಯ ಫೆಲ್ಟನ್ನು ಹುಳು ತಿನ್ನದಂತೆ ನುಸಿಗುಳಿಗೆ ಹಾಕಿದ್ದರಿಂದ, ಹತ್ತಿರ ಹೋದರೆ ನಮ್ಮಜ್ಜಿಯ ರೇಷ್ಮೆ ಸೀರೆಯ ಪೆಟ್ಟಿಗೆಯ ವಾಸನೆ. ಸೋಫಾದ ಮೇಲೆ ಎಂಟನೇ ಗ್ರೇಡಿನ ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ನನ್ನನ್ನು ನೋಡಿ ಎದ್ದು ನಿಂತರು. ಆ ಮರ್ಯಾದೆ ನನಗೆ ಸಿಕ್ಕಿದ್ದು ಅದೇ ಮೊದಲು, ಅದೇ ಕೊನೆ.

“ನಿಮ್ಗೆ ಇಷ್ಟ ಆದದ್ದು ಏನಾದ್ರೂ ನುಡಿಸಿ,” ಎಂದರು ಮಿಸ್.

ಸ್ಟೂಲಿನ ಮೇಲೆ ಕೂತೆ. ಎಂಟು ಬೆರಳನ್ನು ಎಂಟು ಕೀಗಳ ಮೇಲೆ ಸಾಲಾಗಿ ಇಟ್ಟು, ಎರಡು ಹೆಬ್ಬೆರಳನ್ನು ಕೆಳಗೆ ತೇಲಿಬಿಟ್ಟೆ. ಒಟ್ಟು 88 ಕೀ, 52 ಬಿಳಿ, 36 ಕಪ್ಪು. ಒಂದರ ಮೇಲೂ ಅಕ್ಷರವಿಲ್ಲ. ಅದಕ್ಕೆ ನಾನು ಹೆದರುವವನಲ್ಲ. ನಮ್ಮ ಇನ್‌ಸ್ಟಿಟ್ಯೂಟಿನಲ್ಲೂ ರೆಮಿಂಗ್ಟನ್ ಮೆಷಿನ್ನಿನ ಅಕ್ಷರಗಳ ಮೇಲೆ ಸ್ಟಿಕ್ಕರು ಅಂಟಿಸಿಯೇ ಕಲಿಸಿದ್ದು. ಗುರುವನ್ನು ನೆನೆದು, ಕಣ್ಣು ಮುಚ್ಚಿ, ‘ದಿ ಕ್ವಿಕ್ ಬ್ರೌನ್ ಫಾಕ್ಸ್’ ಎಂದು ಶುರುಮಾಡಿ ನರಿ ನಾಯಿಯನ್ನು ಹಾರುವವರೆಗೆ ಪೂರ್ತಿ ವಾಕ್ಯವನ್ನು 45ರ ವೇಗದಲ್ಲಿ ಹೊಡೆದೇಬಿಟ್ಟೆ. ತಗಡಿನ ಶೀಟಿನ ಮೇಲೆ ಆಲಿಕಲ್ಲು ಸುರಿದು ನಿಂತಂತಾಯಿತು.

“ಇದು ಮಾಡರ್ನ್ ಮ್ಯೂಸಿಕ್ಕಾ ಮಿಸ್?” ಎಂದು ಹುಡುಗ ಭಕ್ತಿಯಿಂದ ಕೇಳಿದ.

ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ಎಂತದ್ದು ಮಾರಾಯ್ರೇ ಆ ಸೀನಿಯರ್ ಗ್ರೇಡು?”

ಹೇಳಿದೆ. ಹುಡುಗಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು. ಮುಂದಿನ ವಾರದಿಂದ ನನ್ನನ್ನು ಬೆಳಗ್ಗೆ ಹತ್ತರ ತಂಡಕ್ಕೆ ವರ್ಗಾಯಿಸಲಾಯಿತು. ಆ ತಂಡದಲ್ಲಿ ನಾವು ಮೂವರು: ಐದು ವರ್ಷದ ಒಬ್ಬಳು, ಆರು ವರ್ಷದ ಒಬ್ಬ, ಮತ್ತು ತಾತ.

ಆಮೇಲೆ ಗೊತ್ತಾಯಿತು, ಪಿಯಾನೊದಲ್ಲಿ ಅಕ್ಷರಗಳು ಎ ಯಿಂದ ಜಿ ವರೆಗೆ ಏಳೇ ಏಳು, ಅವೇ ಮತ್ತೆ ಮತ್ತೆ ಬರುತ್ತವೆ. “ಉಳಿದ 19 ಎಲ್ಲಿ ಮಿಸ್?” ಎಂದು ಕೇಳಿದ್ದಕ್ಕೆ ಐದು ವರ್ಷದವಳು ನನಗೆ ಎ ಬಿ ಸಿ ಡಿ ಪೂರ್ತಿ ಹೇಳಿಕೊಟ್ಟಳು, ಪಾಪ, ಬರುವುದಿಲ್ಲ ಅಂದುಕೊಂಡು.

ಅಕ್ಷರ ಹೋಗಲಿ, ನನ್ನನ್ನು ಕೆಡಿಸಿದ್ದು ಹೆಬ್ಬೆರಳು. ಟೈಪಿಂಗಿನಲ್ಲಿ ಹೆಬ್ಬೆರಳಿಗೆ ಇರುವುದು ಒಂದೇ ಕೆಲಸ, ಪದ ಮುಗಿದಾಗ ಸ್ಪೇಸು ಒತ್ತುವುದು. ಎಡ ಹೆಬ್ಬೆರಳಿಗಂತೂ ಅದೂ ಇಲ್ಲ. ನಲವತ್ತು ವರ್ಷ ಹಾಜರಿ ಹಾಕಿ ಸಂಬಳ ತೆಗೆದುಕೊಂಡ ಪ್ರಾಣಿ ಅದು. ಪಿಯಾನೊದಲ್ಲಿ ನೋಡಿದರೆ ಬೆರಳುಗಳಿಗೆ ನಂಬರು, ಹೆಬ್ಬೆರಳೇ ಒಂದನೇ ನಂಬರು! ಜವಾನನನ್ನು ರಾತ್ರೋರಾತ್ರಿ ಜಿಲ್ಲಾಧಿಕಾರಿ ಮಾಡಿದಂತೆ. ಬಲಗೈಯಲ್ಲಿ ಒಂದು, ಎರಡು, ಮೂರು ನುಡಿಸಿ, ಹೆಬ್ಬೆರಳು ನಡುಬೆರಳಿನ ಕೆಳಗೆ ನುಸುಳಿ ನಾಲ್ಕನೇ ಸ್ವರವನ್ನು ಹಿಡಿಯಬೇಕು, ಆಗ ಎಂಟು ಸ್ವರಕ್ಕೆ ಐದು ಬೆರಳು ಸಾಲುತ್ತವೆ. ನನ್ನದು ನುಸುಳುವುದಿರಲಿ, ಪ್ರತಿ ಮೂರು ಸ್ವರಕ್ಕೊಮ್ಮೆ ಪಿಯಾನೊದ ಮುಂಪಟ್ಟಿಯ ಮರಕ್ಕೆ ‘ಟಕ್’ ಎಂದು ಹೊಡೆದು ಸ್ಪೇಸು ಬಿಡುತ್ತಿತ್ತು.

ಎರಡನೆಯದು ಲೆಗಾಟೊ. ಸ್ವರ ಸ್ವರಕ್ಕೆ ಅಂಟಿಕೊಂಡು ಹೋಗಬೇಕು, ಮುಂದಿನ ಕೀ ಇಳಿಯುವವರೆಗೆ ಹಿಂದಿನದನ್ನು ಬಿಡಬಾರದು. ಟೈಪ್‌ರೈಟರಿನಲ್ಲಿ ಹಾಗೆ ಮಾಡಿ ನೋಡಿ! ಎರಡು ಕಡ್ಡಿ ಒಂದಕ್ಕೊಂದು ಸಿಕ್ಕಿಕೊಂಡು, ಬಿಡಿಸಿ ಕೈಯೆಲ್ಲ ಮಸಿ. ಒಂದು ಕೀ ಹೊಡೆದು ಬೆಂಕಿ ಮುಟ್ಟಿದವನಂತೆ ಬಿಡುವುದೇ ನನ್ನ ಸಂಸ್ಕಾರ. “ಲೆಗಾಟೊ, ಲೆಗಾಟೊ! ನೀವು ಕುಟ್ಟುವುದಲ್ಲ ಮಾರಾಯ್ರೇ,” ಎಂದು ಮಿಸ್ ವಾರ ವಾರ ಹೇಳುತ್ತಿದ್ದರು.

ಮನೆಯಲ್ಲಿ ಅಟ್ಟದಿಂದ ಮಗನ ಹಳೇ 61 ಕೀಗಳ ಕೀಬೋರ್ಡು ಇಳಿಸಿ ಸಾಧನೆ ಮಾಡಿದೆ. ಮೊದಲ ದಿನವೇ ಅಡುಗೆಮನೆಯಿಂದ ತೀರ್ಪು ಬಂತು: “ರೀ, ರಿಷಭ ತಪ್ಪು. ಧೈವತವೂ ತಪ್ಪು.” ತಪ್ಪಾಗಿರಲಿಲ್ಲ. ಅವಳ ಕಿವಿಯಲ್ಲಿರುವುದು ಸರಳೆ ವರಸೆಯ ಮಾಯಾಮಾಳವಗೌಳ. ಬರೀ ಬಿಳಿ ಕೀ ಹಿಡಿದು ಸಿ ಯಿಂದ ಹೋದರೆ ಬರುವುದು ಶಂಕರಾಭರಣ. ಅವಳ ರಿ, ಧ ಎರಡೂ ಕಪ್ಪು ಕೀಗಳಲ್ಲಿ ಕೂತಿವೆ. ಇದನ್ನು ಶಾಸ್ತ್ರೋಕ್ತವಾಗಿ ವಿವರಿಸಿದೆ. “ಸರಿ, ಗಮಕ ಎಲ್ಲಿ?” ಎಂದಳು. ಒತ್ತಿದ ಕೀಯನ್ನು ಎಷ್ಟು ಅಲ್ಲಾಡಿಸಿದರೂ ಸ್ವರ ಅಲ್ಲಾಡುವುದಿಲ್ಲ, ಸ್ಟೂಲು ಅಲ್ಲಾಡಿತು.

ಮೂರನೇ ತಿಂಗಳು ಮಿಸ್ ಕಪಾಟಿನಿಂದ ಮೆಟ್ರೊನೋಮು ತೆಗೆದರು. ಗೋಪುರದಾಕಾರದ ಮರದ ಪೆಟ್ಟಿಗೆ, ಕೀಲಿ ಕೊಟ್ಟರೆ ಕಡ್ಡಿ ಅತ್ತಿತ್ತ ತೂಗಿ ಲಯ ಹೇಳುತ್ತದೆ. ಅದನ್ನು ಪಿಯಾನೊದ ನೆತ್ತಿಯ ಮೇಲೆ ಬಲಗಡೆಗಿಟ್ಟರು. ಪಕ್ಕದಲ್ಲಿ ಅವರ ಕಾಫಿ ಲೋಟ. ನಾನು ಎಂದಿಗಿಂತ ಚೆನ್ನಾಗಿ ನುಡಿಸುತ್ತಿದ್ದೆ. ಆ ಮೆಟ್ರೊನೋಮಿನಲ್ಲಿ ಪ್ರತಿ ನಾಲ್ಕನೇ ಎಣಿಕೆಗೆ ಒಂದು ಗಂಟೆಯೂ ಉಂಟೆಂದು, ಅದರ ಗುಂಡಿ ಎಳೆದುಬಿಟ್ಟರೆ ಅದು ಬಾರಿಸುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮಿಸ್ ಎಳೆದರು.

ಟಿಂಗ್.

ಟೈಪ್‌ರೈಟರಿನಲ್ಲಿ ಸಾಲು ಮುಗಿಯುತ್ತ ಬಂದಾಗ ಬಾರಿಸುವ ಗಂಟೆಯದೂ ಅದೇ ದನಿ. ಅದು ಕೇಳಿದರೆ ಎಡಗೈ ಎದ್ದು ಲಿವರು ಹಿಡಿದು ಕ್ಯಾರೇಜನ್ನು ಬಲಕ್ಕೆ ತಳ್ಳಬೇಕು. ನನ್ನ ಎಡಗೈ ನನ್ನನ್ನು ಕೇಳಲಿಲ್ಲ. ಎದ್ದಿತು, ಎದುರಿಗಿದ್ದ ಸ್ವರದ ಪುಸ್ತಕದ ಅಂಚು ಹಿಡಿಯಿತು, ನಲವತ್ತು ವರ್ಷದ ಬಿರುಸಿನಲ್ಲಿ ಬಲಕ್ಕೆ ತಳ್ಳಿತು. ಪುಸ್ತಕ ಮೇಲೆ ಹಾರಿ ಮೆಟ್ರೊನೋಮಿಗೆ ಬಡಿಯಿತು, ಮೆಟ್ರೊನೋಮು ಕಾಫಿ ಲೋಟಕ್ಕೆ, ಮೂರೂ ಸೇರಿ ಮಿಸ್ಸಿನ ಮಡಿಲಿಗೆ. ಕೆಳಗೆ ಬಿದ್ದ ಮೇಲೂ ಆ ಹಾಳು ಪೆಟ್ಟಿಗೆ ಮತ್ತೊಮ್ಮೆ ಟಿಂಗ್ ಎಂದಿತು. ನನ್ನ ಎಡಗೈ ಮತ್ತೊಮ್ಮೆ ಎದ್ದಿತು.

“ತಾತ, ಇನ್ನೊಂದ್ಸಲ ಮಾಡಿ!” ಎಂದಳು ಐದು ವರ್ಷದವಳು.

ಓಡಿಸುತ್ತಾರೆಂದುಕೊಂಡೆ. ಮಿಸ್ ಸೀರೆ ಒರೆಸಿಕೊಂಡು ಒಳಗೆ ಹೋಗಿ ಒಂದು ಕೈಬರಹದ ಹಾಳೆ ತಂದರು. ಕ್ರಿಸ್ಮಸ್ಸಿಗೆ ಮಕ್ಕಳ ಕಾರ್ಯಕ್ರಮ, ಯಾರು ಏನು ನುಡಿಸುತ್ತಾರೆಂಬ ಪಟ್ಟಿ. “ನಿಮ್ಗೆ ಬರುವುದನ್ನಾದ್ರೂ ಮಾಡಿ. ಇದನ್ನು ಚಂದ ಟೈಪು ಮಾಡಿ ತನ್ನಿ.” ಪಟ್ಟಿಯ ಕೊನೆಯಲ್ಲಿ ನನ್ನ ಹೆಸರೂ ಇತ್ತು, ಒಂದು ಕೈಯಲ್ಲಿ ನುಡಿಸುವ ಎಂಟು ಸಾಲಿಗೆ. ಕಣ್ಣು ತುಂಬಿ ಬಂತು.

ರಾತ್ರಿ ಕಂಪ್ಯೂಟರಿನ ಮುಂದೆ ಕೂತು, ಪರದೆ ನೋಡುವುದು ಬೆರಳಚ್ಚುಗಾರನಿಗೆ ಅವಮಾನವೆಂದು ಹಾಳೆಯನ್ನಷ್ಟೇ ನೋಡುತ್ತ ಒಂದೇ ಉಸಿರಿಗೆ ಹೊಡೆದು, ಮೂವತ್ತು ಪ್ರತಿ ಪ್ರಿಂಟು ತೆಗೆದುಕೊಂಡು ಹೋದೆ. ಮಿಸ್ ಒಂದು ಪ್ರತಿ ತೆಗೆದು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಇಣುಕಿದೆ. ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಜಾಗವೇ ಇರಲಿಲ್ಲ. ಮೂರು ತಿಂಗಳಿಂದ ಬೈಸಿಕೊಂಡ ಹೆಬ್ಬೆರಳು ಸ್ಪೇಸು ಒತ್ತುವುದನ್ನು ಬಿಟ್ಟು ನಡುಬೆರಳಿನ ಕೆಳಗೆ ನುಸುಳಿ ಕೂತಿತ್ತು.

ಮಿಸ್ ಕನ್ನಡಕ ತೆಗೆದರು.

“ಈಗ ಬಂತು ನೋಡಿ ಮಾರಾಯ್ರೇ, ಲೆಗಾಟೊ.”