ಆ ಉಪನ್ಯಾಸ ನಮ್ಮೂರಿಗೂ ಬರಲಿ

“ಬೆಳಿಗ್ಗೆ ಹತ್ತೂವರೆಗಂತೆ ಟೀಚರಮ್ಮ. ಹತ್ತೂವರೆಗೆ ಯಾವ ಹೆಂಗಸು ಕೈ ಖಾಲಿ ಮಾಡ್ಕೊಂಡು ಕೂತಿರ್ತಾಳೆ ಹೇಳಿ?”

ಬೇಲಿಯ ಆಚೆ ನಿಂತ ಅಕ್ಕ ಮೊಬೈಲನ್ನು ನನ್ನ ಕಡೆ ಚಾಚಿದರು. ಅವರ ಮೊಮ್ಮಗಳು ಎಂ.ಎ. ಓದುತ್ತಿದ್ದಾಳೆ. ತನ್ನ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದ ವಿಶೇಷ ಉಪನ್ಯಾಸದ ಆಹ್ವಾನ ಪತ್ರಿಕೆಯನ್ನು ಅಜ್ಜಿಗೆ ಕಳಿಸಿದ್ದಳು. ವಿಷಯ, ಗ್ರಾಮೀಣ ಮಹಿಳೆ ಮತ್ತು ಆಸ್ತಿ ಹಕ್ಕು. ಸಸಿಗೆ ನೀರೆರೆದು ಉದ್ಘಾಟನೆ, ಪ್ರಾಸ್ತಾವಿಕ ನುಡಿ, ಅಧ್ಯಕ್ಷತೆ, ವಂದನಾರ್ಪಣೆ ಎಲ್ಲ ಸಾಲಾಗಿ ಇದ್ದವು. ಕೊನೆಗೆ ‘ಸರ್ವರಿಗೂ ಆದರದ ಸ್ವಾಗತ’.

ಸ್ವಾಗತ ಮನಸಾರೆ ಬರೆದದ್ದೇ ಇರಬೇಕು. ಆದರೆ ನಮ್ಮೂರು ಸೂರಗೊಂಡನಕೊಪ್ಪದ ಹೆಂಗಸು ಆ ಸಭಾಂಗಣದ ಕುರ್ಚಿಯವರೆಗೆ ಹೋಗುವುದು ಹೇಗೆ? 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ, ನಿಜ. ಸರ್ಕಾರಿ ಬಸ್ಸು ಸಿಕ್ಕರೆ ತಾನೆ? ಸಿಕ್ಕಿದರೂ ಒಂದು ದಿನದ ಕೂಲಿ ಹೋಯಿತು. ಮೆಕ್ಕೆಜೋಳದ ಕೆಲಸದಲ್ಲಿ ಬಿಡುವಿಲ್ಲ, ಅಡಿಕೆ ಕಾಲದಲ್ಲಿ ಸುಲಿಯುವವರಿಗೆ ಬಿಡುವಿಲ್ಲ, ಮಿಕ್ಕ ದಿನಗಳಲ್ಲಿ ಇಲ್ಲಿಯ ಲಂಬಾಣಿ ತಾಂಡಾದ ಎಷ್ಟೋ ಮನೆಗಳವರು ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಿಗೆ ಹೊರಡುತ್ತಾರೆ. ಗ್ರಾಮೀಣ ಮಹಿಳೆಯ ಬಗ್ಗೆ ಮಾತು ನಡೆಯುವ ಹೊತ್ತಿಗೆ ಆ ಮಹಿಳೆ ಹೊಲದಲ್ಲೇ ಇರುತ್ತಾಳೆ.

“ಹಾಗಂತ ಆ ವಿಭಾಗಗಳು ಬೇಡ ಅನ್ನಬೇಡಿ ಅಕ್ಕ” ಎಂದೆ. ಅವು ಸುಮ್ಮನೆ ಹುಟ್ಟಿದವಲ್ಲ. ದೇಶದ ಹೆಣ್ಣುಮಕ್ಕಳ ಸ್ಥಿತಿ ಹೇಗಿದೆ ಎಂದು ಕೇಂದ್ರ ಸರ್ಕಾರ ನೇಮಿಸಿದ್ದ ಸಮಿತಿ 1974ರಲ್ಲಿ ವರದಿ ಕೊಟ್ಟಾಗ, ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಸರಿಹೋಗಿದೆ ಎಂದುಕೊಂಡಿದ್ದವರು ಬೆಚ್ಚಿಬಿದ್ದರು. ಅದೇ ವರ್ಷ ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದಲ್ಲಿ ನೀರಾ ದೇಸಾಯಿಯವರು ಮಹಿಳಾ ಅಧ್ಯಯನದ ಕೆಲಸ ಶುರುಮಾಡಿದರು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ ಬಂತು. ಅಲ್ಲಿ ಪಾಠ ಹೇಳಿದ ಎಚ್.ಎಸ್. ಶ್ರೀಮತಿಯವರು ಸಿಮೋನ್ ದ ಬೋವಾರ ‘ಸೆಕೆಂಡ್ ಸೆಕ್ಸ್’ ಪುಸ್ತಕವನ್ನು ಕನ್ನಡಕ್ಕೆ ತಂದರು. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಆಯಿತು. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರಿಟ್ಟರು. ಆ ಅಕ್ಕ ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ, ಇಲ್ಲೇ ನಮ್ಮ ಪಕ್ಕದಲ್ಲಿ.

ಅಕ್ಕ ಎಲ್ಲ ಕೇಳಿ, “ಓದೋರಿಗೆ ಸರಿ. ಕೇಳೋರಿಗೆ?” ಎಂದರು.

ಕೇಳುವವರ ಬಳಿಗೇ ಹೋಗುವ ಪದ್ಧತಿ ನಮ್ಮಲ್ಲಿ ಇತ್ತು. ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಹಳ್ಳಿ ಪಟ್ಟಣಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಮಾತಾಡಿದ್ದನ್ನು ಪ್ರಸಾರಾಂಗ ಸಣ್ಣ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಮಾರುತ್ತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಅಂಥ ಉಪನ್ಯಾಸ ಮಾಲೆ ನಡೆಸಿತು. ಗ್ರಹಣ, ಗೊಬ್ಬರ, ರೋಗ, ಇತಿಹಾಸ ಎಲ್ಲವನ್ನೂ ಕನ್ನಡದಲ್ಲಿ ಊರವರಿಗೆ ತಿಳಿಯುವ ಹಾಗೆ ಹೇಳಬಹುದು ಎಂದು ಆ ಮೇಷ್ಟ್ರುಗಳು ನಂಬಿದ್ದರು. ಆ ಕಾಲದ ಕಿರುಹೊತ್ತಿಗೆಗಳನ್ನು ಈಗಲೂ ಹಳೆಯ ಗ್ರಂಥಾಲಯಗಳಲ್ಲಿ ಕಂಡರೆ ನನಗೆ ಕೈಯಲ್ಲಿ ಹಿಡಿದುಕೊಳ್ಳಬೇಕು ಅನ್ನಿಸುತ್ತದೆ. ಮಹಿಳಾ ಅಧ್ಯಯನಕ್ಕೆ ಅದೇ ದಾರಿ ಯಾಕಾಗಬಾರದು? ನಮ್ಮೂರಿರುವ ಹೊನ್ನಾಳಿ ಸೀಮೆ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರಿತು. ಆ ಕಡೆ ಶಂಕರಘಟ್ಟದಲ್ಲಿ 1987ರ ಕುವೆಂಪು ವಿಶ್ವವಿದ್ಯಾಲಯ, ಈ ಕಡೆ ತೋಳಹುಣಸೆಯಲ್ಲಿ 2009ರ ದಾವಣಗೆರೆ ವಿಶ್ವವಿದ್ಯಾಲಯ. ಎರಡರ ನಡುವೆ ಇದ್ದೇವೆ ನಾವು.

ಅಷ್ಟರಲ್ಲಿ ಅಕ್ಕ ಮತ್ತೆ ಮೊಬೈಲು ನೋಡಿ, “ಆಸ್ತಿ ಹಕ್ಕು ಅಂತ ಬರೆದಾರೆ. ನನಗಂತೂ ಇಲ್ಲ ಬಿಡಿ. ಮದುವೆಯಾದೋರಿಗೆ ಇಲ್ಲ ಅಂತ ಆವಾಗ್ಲೇ ಹೇಳಿದ್ರು” ಎಂದರು.

ಈ ಒಂದು ಮಾತಿಗಾಗಿಯೇ ಉಪನ್ಯಾಸ ಇಲ್ಲಿಗೆ ಬರಬೇಕು ಎಂದು ನನಗೆ ಖಚಿತವಾಯಿತು. ಅಕ್ಕ ಹೇಳಿದ್ದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯನ್ನು ತಿದ್ದಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಅಕ್ಕನ ಮದುವೆ ಅದಕ್ಕಿಂತ ಎಷ್ಟೋ ಮುಂಚೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮಾತ್ರ ಈ ಅಡ್ಡಿ ಇಲ್ಲ; ಮದುವೆ ಯಾವಾಗ ಆಯಿತು ಎಂದು ಅದು ಕೇಳುವುದೇ ಇಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿತು: ಈ ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿದ್ದಿರಲೇಬೇಕು ಎಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನು ಪ್ರಕಾರ ಪಾಲಾಗಿ ಮುಗಿದಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ, ಅಷ್ಟೇ.

ಅಕ್ಕ ಬೇಲಿಯ ಕಂಬ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ವರ್ಷ ಯಾರೂ ಹೇಳ್ಲಿಲ್ಲವಲ್ಲ” ಎಂದರು. ಪಾಲು ಕೇಳುವ ಮನಸ್ಸು ಅವರಿಗೆ ಇದೆಯೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ಇಲ್ಲದ ಹಕ್ಕು ಎಂದುಕೊಂಡು ಬಿಡುವುದಕ್ಕೂ ಇರುವ ಹಕ್ಕನ್ನು ತಾನಾಗಿ ಬಿಡುವುದಕ್ಕೂ ಬಹಳ ಅಂತರವಿದೆ.

ಇದರಲ್ಲಿ ನಮ್ಮೂರಿಗೇ ಸೇರಿದ ಇನ್ನೊಂದು ತೊಡಕಿದೆ. 1739ರ ಫೆಬ್ರುವರಿ 15ರಂದು ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದ ನೆಲ ಇದು. ಪ್ರತಿ ಫೆಬ್ರುವರಿ ಜಯಂತಿಗೆ ಇಲ್ಲಿಯ ಪುಣ್ಯಕ್ಷೇತ್ರ ಭಾಯಾಗಡ್‌ಗೆ ಮಾಲೆ ಹಾಕಿಕೊಂಡವರು, ಗಾಡಿ ಕಟ್ಟಿಕೊಂಡು ಬರುವವರು ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಸೇರುತ್ತಾರೆ. ಎಲ್ಲರ ಮಾತೂ ಒಂದೇ ಗೋರ್ ಬೋಲಿ, ಎಲ್ಲರೂ ಒಂದೇ ಯಾಡಿಯ (ತಾಯಿಯ) ಮಕ್ಕಳು. ಕಾನೂನು ಮಾತ್ರ ಒಂದಲ್ಲ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ತೆಲಂಗಾಣ ಮತ್ತು ಆಂಧ್ರದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಅನ್ವಯಿಸುವುದಿಲ್ಲ. ಅಂದರೆ ಅಕ್ಕನಿಗೆ ಆ ಕಾಯ್ದೆಯಲ್ಲಿರುವ ಹಕ್ಕು, ತೆಲಂಗಾಣಕ್ಕೆ ಮದುವೆಯಾಗಿ ಹೋದ ಬಂಧುವಿನ ಅಲ್ಲಿಯ ನಾದಿನಿಗೆ ಅದೇ ಕಾಯ್ದೆಯ ಬಲದಿಂದ ಸಿಗುವುದಿಲ್ಲ. ಒಂದೇ ಗುಡಿಯ ಮುಂದೆ ಒಟ್ಟಿಗೆ ಕೈಮುಗಿಯುವ ಹೆಣ್ಣುಮಕ್ಕಳ ನಡುವೆ ಇಂಥ ಗೆರೆ ಎಳೆದಿರುವುದು ಮಹಿಳಾ ಅಧ್ಯಯನಕ್ಕೆ ಅಲ್ಲದೆ ಇನ್ಯಾವ ವಿಭಾಗಕ್ಕೆ ಸೇರಿದ ವಿಷಯ? ಇದನ್ನು ಹೇಳಲು ಜಾತ್ರೆಯ ಸಂಜೆಗಿಂತ ದೊಡ್ಡ ಸಭಾಂಗಣ ಎಲ್ಲಿ ಸಿಕ್ಕೀತು?

ಹೇಳುವವರೂ ನಮ್ಮಲ್ಲಿ ಇಲ್ಲದಿಲ್ಲ. ತಾಂಡಾದಲ್ಲಿ ಹುಟ್ಟಿದ ಬಿ.ಟಿ. ಲಲಿತಾ ನಾಯಕ್ ಕನ್ನಡದಲ್ಲಿ ಕಥೆ ಕಾದಂಬರಿ ಬರೆದರು, ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಮಂತ್ರಿಯೂ ಆದರು. ಈಗ ಅಕ್ಕನ ಮೊಮ್ಮಗಳಂಥವರು ವಿಭಾಗಗಳಲ್ಲೇ ಓದುತ್ತಿದ್ದಾರೆ. ಅವಳೇ ಗೋರ್ ಬೋಲಿಯಲ್ಲಿ ನಿಂತು ಹೇಳಿದರೆ ಸಾಕು.

“ಒಮ್ಮೆ ಬಂದಿದ್ರು ಯಾರೋ ಓದೋ ಹುಡುಗ್ರು” ಎಂದು ಅಕ್ಕ ನೆನಪಿಸಿಕೊಂಡರು. ಮದುವೆಯಲ್ಲಿ ಹೆಣ್ಣು ಅಳುತ್ತಾ ಹಾಡುವ ಢಾವಲೋ ಹಾಡುಗಳನ್ನು ಅಕ್ಕನ ಅತ್ತೆಯ ಬಾಯಿಂದ ಹಾಡಿಸಿಕೊಂಡು ರೆಕಾರ್ಡ್ ಮಾಡಿಕೊಂಡು ಹೋದರಂತೆ. ಆ ಹಾಡುಗಳಿಂದ ಏನು ತಿಳಿದುಕೊಂಡರು ಎಂದು ಹೇಳಲು ಯಾರೂ ತಿರುಗಿ ಬರಲಿಲ್ಲ. ಅತ್ತೆ ತೀರಿಕೊಂಡರು. ಆ ದನಿ ಯಾವ ಪೆಟ್ಟಿಗೆಯಲ್ಲಿದೆಯೋ ಮನೆಯವರಿಗೇ ಗೊತ್ತಿಲ್ಲ. ಇದು ನನ್ನನ್ನು ತುಂಬಾ ನೋಯಿಸುವ ಸಂಗತಿ. ಹೆಣ್ಣುಮಕ್ಕಳ ಹಾಡು, ಕಸೂತಿ, ಬಾಣಂತನದ ತಿಳಿವಳಿಕೆ ಸಂಗ್ರಹಿಸುವವರು ಬರೆದ ಮೇಲೆ ಒಮ್ಮೆ ಅದೇ ಅಂಗಳಕ್ಕೆ ಬಂದು ಓದಿ ಹೇಳುವುದನ್ನು ಸಂಶೋಧನೆಯ ಕಟ್ಟಳೆಯನ್ನಾಗಿಯೇ ಮಾಡಬೇಕು. ತಪ್ಪಿದ್ದರೆ ಹಾಡಿದವರೇ ತಿದ್ದುತ್ತಾರೆ.

ಹೆಣ್ಣುಮಕ್ಕಳ ಕಥೆ ಎಂದಮೇಲೆ ಮಾತು ಚನ್ನಗಿರಿ ಕಡೆಯ ಸೂಳೆಕೆರೆಗೂ ಹೋಯಿತು. ರಾಜನ ಮಗಳು ಶಾಂತವ್ವೆ ಕೆರೆ ಕಟ್ಟಿಸಲು ಹೊರಟಳು, ಸೂಳೆಯರು ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಜಾಗ ಬಿಟ್ಟುಕೊಟ್ಟರು ಎಂಬುದು ಅಲ್ಲಿ ಎಲ್ಲರೂ ಹೇಳುವ ಕಥೆ. ಕಟ್ಟಿಸಿದವಳೂ ಹೆಣ್ಣು, ನೆಲ ಕೊಟ್ಟವರೂ ಹೆಣ್ಣುಮಕ್ಕಳು. ಒಂದು ಉಪನ್ಯಾಸವನ್ನು ಆ ಏರಿಯ ಮೇಲೆಯೇ ಇಟ್ಟುಕೊಳ್ಳಬಹುದು.

ಕೊನೆಗೆ ವಿಭಾಗಕ್ಕೆ ಕಾಗದ ಬರೆಯುವುದೆಂದು ತೀರ್ಮಾನಿಸಿದೆವು. ನಾನು ಬರೆಯುವುದು, ಅಕ್ಕ ಹೇಳುವುದು. ಕೆಲಸ ಮುಗಿದು ಊಟಕ್ಕೆ ಮುಂಚೆ ಬರಬೇಕು. ಹಾರ ಶಾಲು ಬೇಡ. ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿ ತರಬೇಕು. ಜೊತೆಗೆ ಗ್ರಾಮ ಆಡಳಿತ ಅಧಿಕಾರಿಯನ್ನೂ ಕರೆತರಬೇಕು, ಯಾಕೆಂದರೆ ಪೌತಿ ಖಾತೆಗೆ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು ಅಲ್ಲೇ. ಹೆಸರು ಇದ್ದರೂ ಹಕ್ಕು ಬಿಡುಗಡೆ ಪತ್ರಕ್ಕೆ ಅರಿಶಿನ ಕುಂಕುಮದ ಜೊತೆ ಸಹಿ ಹಾಕಿಸಿಕೊಳ್ಳುವುದು ಹೇಗೆ ಎಂಬುದನ್ನೂ ವಿವರಿಸಬೇಕು.

“ಇನ್ನೊಂದು ಬರೀರಿ ಟೀಚರಮ್ಮ” ಎಂದರು ಅಕ್ಕ. “ಗಂಡಸರನ್ನ ಮುಂದಿನ ಸಾಲಿನಲ್ಲಿ ಕೂರಿಸ್ಬೇಕು. ಸಹಿ ಹಾಕು ಅಂತ ಪೆನ್ನು ಕೊಡೋರು ಅವರೇ ಅಲ್ವಾ?”