ಈರುಳ್ಳಿ ಬಣ್ಣವೋ ರಾಣಿ ಬಣ್ಣವೋ

ನಮ್ಮ ಹಿತ್ತಲಲ್ಲಿ ಈಜುಕೊಳ ಇದೆ ಎಂದು ಹೇಳಿಕೊಳ್ಳಲು ನಾಚಿಕೆ; ಹೇಳದೆ ಇರುವುದು ಇನ್ನೂ ಕಷ್ಟ. ನಾಲ್ಕು ಎಮ್ಮೆ ಇಳಿದರೆ ಐದನೆಯದಕ್ಕೆ ಜಾಗವಿಲ್ಲ, ಅಷ್ಟು ಅದರ ವಿಸ್ತಾರ. ನನಗೆ ಈಜು ಬಾರದು. ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿನ ನಾಡಿ ನೋಡುವುದಷ್ಟೇ ನನ್ನ ಜಲಕ್ರೀಡೆ.

ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆದು, ಪುಟ್ಟ ಕೊಳವೆಗೆ ತುಂಬಿ, ಫಿನಾಲ್ ರೆಡ್ ಹನಿ ಬಿಡಬೇಕು. ಹಳದಿಯಾದರೆ ಪಿಎಚ್ ಇಳಿದಿದೆ, ಕೆಂಪೇರಿದರೆ ಹೆಚ್ಚಿದೆ. 7.2ರಿಂದ 7.8ರೊಳಗಿದ್ದರೆ ಕ್ಷೇಮ. ಮೊನ್ನೆ ಕೊಳವೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು, "7.4" ಎಂದು ಘೋಷಿಸಿದೆ.

"ಎಲ್ರೀ 7.4? ಅದು ಈರುಳ್ಳಿ ಬಣ್ಣ. ಇದು ರಾಣಿ ಬಣ್ಣ," ಎಂದಳು ಹೆಂಡತಿ. ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಪಳಗಿದ ಕಣ್ಣು, ಎದುರಾಡುವುದು ಹೇಗೆ? ಆದರೂ ಆಡಿದೆ. "ರಾಣಿಯಲ್ಲ, ತಿಳಿ ಗುಲಾಬಿ." ಒಳಗಿನಿಂದ ಅಮ್ಮ, "ಬಿಸಿಲಿಗೆ ಹಿಡಿದು ನೋಡ್ರೋ, ನೆರಳಲ್ಲಿ ಯಾವ ಬಣ್ಣವೂ ನಿಜ ಹೇಳಲ್ಲ," ಎಂದರು. ಹಿಡಿದೆವು. ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ರಾಯರು ಇಣುಕಿ, "ದಾಳಿಂಬೆ ರಸ ಇದ್ದಂಗಿದೆ, ಕುಡಿಯೋದಾ?" ಎಂದರು. ಕೆಲಸದ ಲಕ್ಷ್ಮಮ್ಮ ಪೊರಕೆ ಕೆಳಗಿಟ್ಟು, ಬಂದು, ಬಗ್ಗಿ ನೋಡಿ, "ಕುಂಕುಮದ ನೀರು ಕಣಣ್ಣ, ದೃಷ್ಟಿ ತೆಗ್ದಿದ್ದಾ?" ಎಂದಳು. ಕೊನೆಗೆ ಹೆಂಡತಿ ಒಳಗೆ ಹೋಗಿ, ಬೀರು ತೆಗೆದು, ರಾಣಿ ಬಣ್ಣದ ಸೀರೆಯನ್ನೇ ತಂದು ಅದರ ಸೆರಗನ್ನು ಕೊಳವೆಗೆ ಒತ್ತಿ ಹಿಡಿದಳು. ರೇಷ್ಮೆಗೂ ನೀರಿಗೂ ಎಳೆಯಷ್ಟೂ ವ್ಯತ್ಯಾಸವಿಲ್ಲ. ಪಿಎಚ್ 8 ದಾಟಿದೆ ಎಂದು ಸಭೆ ತೀರ್ಮಾನಿಸಿತು. ಆ ಸೀರೆ ಈಗ ನಮ್ಮ ಪರೀಕ್ಷಾ ಸಾಮಗ್ರಿಗಳಲ್ಲೊಂದು.

ಮಿಕ್ಕಿದ್ದು ಸಲೀಸು. ಬಕೆಟ್ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರನ್ನಲ್ಲ. ಅಲ್ಕಲಿನಿಟಿ 80ಕ್ಕಿಂತ ಇಳಿದರೆ ಅಡುಗೆ ಸೋಡಾ. ಕ್ಲೋರಿನ್ನನ್ನು ಬಿಸಿಲು ತಿಂದುಹಾಕುವುದರಿಂದ ಸಂಜೆಯೇ ಹಾಕುವುದು; ಅದೂ ಆಸಿಡ್ಡಿಗೆ ಸೋಕದಂತೆ, ಸೋಕಿದರೆ ವಿಷಗಾಳಿ. ಈ ಪಿಎಚ್ ಲೆಕ್ಕವನ್ನು 1909ರಲ್ಲಿ ಶುರುಮಾಡಿದ ಸೋರೆನ್ಸನ್ ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಾಲಯದಲ್ಲಿದ್ದವನು. ತಲೆ ಕೆಟ್ಟರೆ ಮದ್ದು ಕೈಗೆಟಕುವಂತಿತ್ತು, ಪುಣ್ಯವಂತ.

"ಇಷ್ಟು ಒದ್ದಾಟ ಯಾಕೆ, ನೀರು ಚೆಲ್ಲಿ ಹೊಸದು ತುಂಬಿಸು," ಎನ್ನುವ ನೆಂಟರಿದ್ದಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜನ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾದಿದ್ದರು. ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆಗ ಹೇಳಿತು. ಇಂಥ ಊರಲ್ಲಿ ಕೊಳ ಕಟ್ಟಿಸಿಕೊಂಡವನು ಇರುವ ನೀರನ್ನೇ ವರ್ಷಗಟ್ಟಲೆ ಕಾಪಾಡಿಕೊಳ್ಳದಿದ್ದರೆ ಬಿಂದಿಗೆ ಹಿಡಿದವರ ಮುಖ ನೋಡುವುದು ಹೇಗೆ?

ಅದೇ ನೆಂಟರ ಮಕ್ಕಳು ಇಳಿದು ಹೋದ ಮೇಲೆ ನೀರು ಘಾಟು ಹೊಡೆಯುತ್ತದೆ. "ಕ್ಲೋರಿನ್ ಜಾಸ್ತಿ ಸುರಿದಿದ್ದೀಯ," ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಘಾಟು ಕ್ಲೋರಮೈನಿನದು. ಬೆವರು, ಮೂತ್ರಗಳ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವಂಥದ್ದು. ಆದ್ದರಿಂದ ಮಾನ್ಯ ಬಂಧುಗಳೇ, ಬನ್ನಿ, ಈಜಿ, ಊಟ ಮಾಡಿಕೊಂಡೇ ಹೋಗಿ. ನೀರಿಗಿಳಿಯುವ ಮುಂಚೆ ಮಾತ್ರ ಮಕ್ಕಳನ್ನು ಒಮ್ಮೆ ಬಚ್ಚಲಿಗೆ ಕಳಿಸಿ. ದೊಡ್ಡವರೂ ಹೋಗಿಬಂದರೆ ಉಪಕಾರ.